ಟಿಲ್ಲರ್ ಭಾರ ಬೇರೆ, ಟಿಲ್ಲರ್ ಕೋನ ಬೇರೆ: ಚಿಕ್ಕ ಹಾಯಿದೋಣಿಯ ಚುಕ್ಕಾಣಿ ದೋಷ ನಿವಾರಣೆ

ಟಿಲ್ಲರ್ ಎಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲು. ‘ಟಿಲ್ಲರ್ ಹಿಡಿದು ಕೈ ಸೋತುಹೋಗುತ್ತದೆ’ ಎಂಬ ದೂರಿನ ಹಿಂದೆ ಎರಡು ಬೇರೆ ಬೇರೆ ದೋಷಗಳಿರಬಹುದು. ಒಂದು ಚುಕ್ಕಾಣಿಯದು. ಇನ್ನೊಂದು ಹಾಯಿ, ಸೆಂಟರ್‌ಬೋರ್ಡ್ (ದೋಣಿಯ ನಡುವಿನಿಂದ ನೀರಿಗಿಳಿಸುವ ಹಲಗೆ) ಮತ್ತು ದೋಣಿಯ ವಾಲಿಕೆಗೆ ಸೇರಿದ್ದು. ಯಾವುದೆಂದು ತಿಳಿಯದೆ ಕೆಲಸಕ್ಕೆ ಕೈ ಹಾಕಿದರೆ ಚುಕ್ಕಾಣಿಗೆ ಹೊಸ ಅಲಗು, ಅಂದರೆ ನೀರಿನಲ್ಲಿ ಮುಳುಗುವ ಹಲಗೆ, ಮಾಡಿಸಿದ ಮೇಲೂ ದೂರು ಹಾಗೇ ಇರುತ್ತದೆ. ಅದಕ್ಕೇ ಇಲ್ಲಿ ಪರೀಕ್ಷೆ ಮೊದಲು, ದುರಸ್ತಿ ಆಮೇಲೆ.

ಇಲ್ಲಿ ಹೇಳಿದ್ದೆಲ್ಲ 12ರಿಂದ 18 ಅಡಿಯ, ಟ್ರೇಲರ್ ಮೇಲೆ ಒಯ್ಯುವ, ಹಿಂಬದಿ ಹಲಗೆಗೆ ಚುಕ್ಕಾಣಿ ತೂಗಿಸಿದ ದೋಣಿಗಳಿಗೆ ಅನ್ವಯಿಸುತ್ತದೆ. ಕಾಸರಗೋಡಿನ ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ ಹೊಳೆಗಳ ಅಳಿವೆಗಳಲ್ಲಿ, ತೆಂಕಲಾಗಿ ಪಡನ್ನ, ವಲಿಯಪರಂಬದ ಹಿನ್ನೀರಿನಲ್ಲಿ ಮರಳು ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಇಂಥ ನೀರಿಗೆ ನೆಲ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುವ ಅಲಗೇ ಸರಿ. ಆದರೆ ಇಲ್ಲಿ ಕಾಣುವ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದೂ ಆ ಮಡಚುವ ಕೀಲಿನಲ್ಲೇ.

ಲೆಕ್ಕಗಳಿಗೆಲ್ಲ ಒಂದೇ ಮಾದರಿ ಅಲಗು ಇಟ್ಟುಕೊಳ್ಳೋಣ. ಅಗಲ 25 ಸೆಂ.ಮೀ., ನೀರಿನಲ್ಲಿ ಮುಳುಗುವ ಉದ್ದ 60 ಸೆಂ.ಮೀ., ಮಡಚುವ ಬೋಲ್ಟ್ ನೀರಿನ ಮಟ್ಟದಿಂದ 15 ಸೆಂ.ಮೀ. ಮೇಲೆ, ಟಿಲ್ಲರ್ ಉದ್ದ 90 ಸೆಂ.ಮೀ.

ನೀರಿನ ಮೇಲಿನ ಪರೀಕ್ಷೆ

ಬೇಕಾದದ್ದು ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಮತ್ತು ಬಣ್ಣದ ಟೇಪು. ಟಿಲ್ಲರ್ ನಟ್ಟನಡುವೆ ಇದ್ದಾಗ ಅದರ ತುದಿಯ ಕೆಳಗೆ ಅಡ್ಡ ಪಟ್ಟಿಯ ಮೇಲೆ ಒಂದು ಗುರುತು ಹಾಕಿ. ಅಲ್ಲಿಂದ ಎರಡೂ ಬದಿಗೆ 8, 16, 23 ಸೆಂ.ಮೀ.ಗೆ ಗುರುತು ಹಾಕಿ. 90 ಸೆಂ.ಮೀ. ಟಿಲ್ಲರ್‌ಗೆ ಇವು ಹೆಚ್ಚುಕಡಿಮೆ 5, 10, 15 ಡಿಗ್ರಿ.

ಬೇಸಗೆಯ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಪಡುವಣದಿಂದ ಏಳುವ ಕಡಲಗಾಳಿ ಈ ಕೆಲಸಕ್ಕೆ ಒಳ್ಳೆಯದು. ಅದು ಒಂದೇ ಹದದಲ್ಲಿ ಬೀಸುತ್ತದೆ. ಅಲೆಯಿಲ್ಲದ ಹಿನ್ನೀರಿನಲ್ಲಿ, 8ರಿಂದ 12 ನಾಟ್ (ಗಂಟೆಗೆ ಸುಮಾರು 15ರಿಂದ 22 ಕಿ.ಮೀ.) ಗಾಳಿಯಲ್ಲಿ, ಗಾಳಿಗೆ ಆದಷ್ಟು ಎದುರಾಗಿ ಒಂದು ಬದಿಯ ಓಟ ಓಡಿಸಿ. ದೋಣಿ ನೇರ ಹೋಗುತ್ತಿರುವಾಗ ಟಿಲ್ಲರ್ ತುದಿ ಯಾವ ಗುರುತಿನ ಮೇಲಿದೆ ಎಂದು ಮೊದಲು ನೋಡಿ. ಆಮೇಲೆ ಅದೇ ತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಟಿಲ್ಲರ್ ಅಲ್ಲೇ ನಿಲ್ಲುವಷ್ಟು ಎಳೆದು ತೂಕ ಓದಿ. ಇನ್ನೊಂದು ಟ್ಯಾಕ್‌ನಲ್ಲೂ, ಅಂದರೆ ಗಾಳಿ ಆಚೆ ಬದಿಯಿಂದ ಬರುವ ಓಟದಲ್ಲೂ, ಹೀಗೇ ಮಾಡಿ. ಎರಡೂ ಸಲ ಕೋನ, ತೂಕ, ಎಳೆಯುವ ದಿಕ್ಕು ಬರೆದಿಡಿ. ನೆನಪಿನಲ್ಲಿಟ್ಟುಕೊಂಡ ಅಂಕಿಗಳು ದಡಕ್ಕೆ ಬರುವಷ್ಟರಲ್ಲಿ ಬದಲಾಗಿರುತ್ತವೆ.

ಕೋನ 3ರಿಂದ 5 ಡಿಗ್ರಿ, ತೂಕ ಎರಡು ಎರಡೂವರೆ ಕಿಲೋ ಇದ್ದರೆ ಚುಕ್ಕಾಣಿ ಆರೋಗ್ಯವಾಗಿದೆ; ಏನನ್ನೂ ಮುಟ್ಟಬೇಡಿ. ಕೋನ ಅಷ್ಟೇ ಇದ್ದು ತೂಕ ಆರೇಳು ಕಿಲೋ ಆದರೆ ಅಲಗು ಹಿಂದಕ್ಕೆ ಮಲಗಿದೆ. ಕೋನವೇ 10 ಡಿಗ್ರಿ ದಾಟಿದ್ದರೆ ದೋಷ ಹಾಯಿ ಮತ್ತು ದೋಣಿಯ ಸಮತೋಲದಲ್ಲಿದೆ, ತೂಕ ಎಷ್ಟೇ ಇರಲಿ. ಎರಡೂ ಟ್ಯಾಕ್‌ನಲ್ಲಿ ಟಿಲ್ಲರ್ ಒಂದೇ ಪಕ್ಕಕ್ಕೆ, ಅಂದರೆ ಎರಡರಲ್ಲೂ ಎಡಕ್ಕೆ ಅಥವಾ ಎರಡರಲ್ಲೂ ಬಲಕ್ಕೆ, ಎಳೆದರೆ ಅಲಗು ತಿರುಚಿದೆ ಅಥವಾ ಅದರ ಎರಡು ಮೈಗಳು ಒಂದೇ ಆಕಾರದಲ್ಲಿಲ್ಲ. ಟಿಲ್ಲರ್ ಹಗುರವಾಗಿದ್ದು, ಎಷ್ಟು ತಿರುಗಿಸಿದರೂ ದೋಣಿ ಕೇಳದಿದ್ದರೆ ಅಲಗಿನ ಮೇಲೆ ನೀರಿನ ಹಿಡಿತ ತಪ್ಪಿದೆ.

ಕೋನ ಕಡಿಮೆ, ಭಾರ ಹೆಚ್ಚು: ಹಿಂದಕ್ಕೆ ಮಲಗಿದ ಅಲಗು

ಇದೇ ಅತಿ ಸಾಮಾನ್ಯ ದೋಷ. ಅತಿ ಸುಲಭವಾಗಿ ಸರಿಹೋಗುವುದೂ ಇದೇ. ಹಾಗಿದ್ದೂ ಜನ ಕಡೆಗೆ ನೋಡುವುದು ಇದನ್ನು.

ದೋಣಿಯನ್ನು ನೇರ ಇಡಲು ಅಲಗು ಎಷ್ಟು ಬಲ ಕೊಡಬೇಕು ಎಂಬುದನ್ನು ಹಾಯಿ ಮತ್ತು ವಾಲಿಕೆ ಗೊತ್ತುಮಾಡುತ್ತವೆ. ಆ ಬಲ ಕೈಗೆ ಎಷ್ಟು ಭಾರವಾಗಿ ಬರುತ್ತದೆ ಎಂಬುದು, ನೀರಿನ ಒತ್ತಡದ ಕೇಂದ್ರ, ಚುಕ್ಕಾಣಿಯನ್ನು ದೋಣಿಗೆ ತೂಗಿಸುವ ಪಿಂಟಲ್ ಮೊಳೆಗಳ ಗೆರೆಯಿಂದ ಎಷ್ಟು ಹಿಂದಿದೆ ಎಂಬುದರ ಮೇಲಿದೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದಾಗ ಅದು ತಿರುಗುವುದಿಲ್ಲ, ಅಂಚಿನಲ್ಲಿ ತಳ್ಳಿದಾಗ ತಿರುಗುತ್ತದಲ್ಲ, ಅದೇ ಲೆಕ್ಕ.

ಚೆನ್ನಾಗಿ ಆಕಾರ ಕೊಟ್ಟ ಅಲಗಿನಲ್ಲಿ ಈ ಕೇಂದ್ರ ಮುಂಬದಿ ಅಂಚಿನಿಂದ ಅಗಲದ ಕಾಲು ಭಾಗದಲ್ಲಿರುತ್ತದೆ, ನಮ್ಮ ಅಲಗಿಗೆ ಸುಮಾರು 6 ಸೆಂ.ಮೀ. ಮುಂಬದಿ ಅಂಚು ಪಿಂಟಲ್ ಗೆರೆಯಿಂದ 3 ಸೆಂ.ಮೀ. ಹಿಂದಿದ್ದರೆ ಒಟ್ಟು 9 ಸೆಂ.ಮೀ. 4 ನಾಟ್ ವೇಗದಲ್ಲಿ ಈ ಅಲಗು ಹದವಾಗಿ ಕೆಲಸ ಮಾಡುವಾಗ ಅದರ ಮೇಲಿನ ಅಡ್ಡ ಬಲ ಸುಮಾರು 20 ಕಿಲೋ. 20 ಕಿಲೋ 9 ಸೆಂ.ಮೀ. ದೂರದಲ್ಲಿ ಎಂದರೆ 90 ಸೆಂ.ಮೀ. ಟಿಲ್ಲರ್ ತುದಿಯಲ್ಲಿ 2 ಕಿಲೋ.

ಈಗ ಅಲಗು 10 ಡಿಗ್ರಿ ಹಿಂದಕ್ಕೆ ಮಲಗಲಿ. ಒತ್ತಡದ ಕೇಂದ್ರ ಮಡಚುವ ಬೋಲ್ಟಿನಿಂದ 45 ಸೆಂ.ಮೀ. ಕೆಳಗಿರುವುದರಿಂದ ಅದು ಇನ್ನೂ 8 ಸೆಂ.ಮೀ. ಹಿಂದೆ ಹೋಗುತ್ತದೆ. 9 ಇದ್ದದ್ದು 17 ಆಯಿತು, ಟಿಲ್ಲರ್‌ನ ಭಾರ ಹತ್ತಿರ ಹತ್ತಿರ 4 ಕಿಲೋ ಆಯಿತು. 30 ಡಿಗ್ರಿ ಮಲಗಿದರೆ 7 ಕಿಲೋ. ಹಾಯಿ ಅದೇ, ಗಾಳಿ ಅದೇ, ದೋಣಿಗೆ ಬೇಕಾದ ಬಲವೂ ಅದೇ. ಕೈ ಮಾತ್ರ ಮೂರೂವರೆ ಪಟ್ಟು ದುಡಿಯುತ್ತದೆ. ವೇಗ 4ರಿಂದ 6 ನಾಟ್‌ಗೆ ಏರಿದರೆ ಇವೆಲ್ಲ ಎರಡೂಕಾಲು ಪಟ್ಟಾಗುತ್ತವೆ, ಏಕೆಂದರೆ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಅಲಗು 10 ಡಿಗ್ರಿ ಮಲಗಲು ಎಷ್ಟು ಸಡಿಲ ಬೇಕು? ಕೆಳಗೆಳೆಯುವ ಹಗ್ಗ ಬೋಲ್ಟಿನಿಂದ 8 ಸೆಂ.ಮೀ. ದೂರದಲ್ಲಿ ಅಲಗನ್ನು ಹಿಡಿದಿದ್ದರೆ ಬರೀ 14 ಮಿ.ಮೀ. ಗಂಟು ಬಿಗಿದುಕೊಳ್ಳುವಾಗಲೇ ಅಷ್ಟು ಹೋಗಿಬಿಡುತ್ತದೆ. ಜತೆಗೆ ಅಲಗಿನ ಒತ್ತಡ ಕೇಂದ್ರದಲ್ಲಿ ನೀರು ಹಿಂದಕ್ಕೆ ತಳ್ಳುವ ಪ್ರತಿ ಒಂದು ಕಿಲೋಗೆ ಹಗ್ಗದ ಮೇಲೆ ಐದೂವರೆ ಕಿಲೋ ಎಳೆತ ಬೀಳುತ್ತದೆ. ಬಲೆಗೆ ಬಳಸುವ ನೈಲಾನ್ ಹಗ್ಗ ಇಲ್ಲಿ ಬೇಡವೇ ಬೇಡ. ಅದು ಹಿಗ್ಗುತ್ತದೆ, ನೀರು ಕುಡಿದ ಮೇಲೆ ಇನ್ನೂ ಹೆಚ್ಚು. ರಬ್ಬರ್ ಹಗ್ಗವನ್ನಷ್ಟೇ ನಂಬಿದ ವ್ಯವಸ್ಥೆ ಎರಡು ನಾಟ್‌ವರೆಗೆ ಸರಿ, ಆಮೇಲೆ ಅಲಗು ಮೆಲ್ಲಗೆ ಮೇಲೇಳುತ್ತದೆ. ಅಲಗು ನೀರೊಳಗೆ ಇರುವುದರಿಂದ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ದಡದಲ್ಲಿ ಪರೀಕ್ಷಿಸುವುದು ಹೀಗೆ. ಅಲಗನ್ನು ಪೂರ್ತಿ ಇಳಿಸಿ ಹಗ್ಗ ಕಟ್ಟಿ. ಎರಡು ಪಿಂಟಲ್ ಮೊಳೆಗಳ ನಡುಗೆರೆಯಲ್ಲೇ ಒಂದು ದಾರವನ್ನು ಅಲಗಿನ ತುದಿಯವರೆಗೆ ಬಿಗಿಯಾಗಿ ಹಿಡಿಯಿರಿ. ಅಲಗಿನ ಮೇಲ್ಭಾಗದಲ್ಲಿ ಒಂದು ಕಡೆ, ಅದಕ್ಕಿಂತ 60 ಸೆಂ.ಮೀ. ಕೆಳಗೆ ಇನ್ನೊಂದು ಕಡೆ, ದಾರದಿಂದ ಮುಂಬದಿ ಅಂಚಿಗೆ ಎಷ್ಟು ದೂರ ಎಂದು ಅಳೆಯಿರಿ. ವ್ಯತ್ಯಾಸದ ಒಂದೊಂದು ಸೆಂ.ಮೀ.ಗೆ ಸುಮಾರು ಒಂದು ಡಿಗ್ರಿ. ಆಮೇಲೆ ಒಬ್ಬರು ಅಲಗಿನ ತುದಿಯನ್ನು ಐದು ಕಿಲೋದಷ್ಟು ಹಿಂದಕ್ಕೆ ಎಳೆದು ಹಿಡಿದಿರುವಾಗ ಮತ್ತೆ ಅಳೆಯಿರಿ. ಮೊದಲನೆಯ ಅಳತೆ ಸರಿಯಿದ್ದು ಎರಡನೆಯದರಲ್ಲಿ ಅಲಗು ಹಿಂದೆ ಸರಿದರೆ ತಪ್ಪು ಹಗ್ಗದ್ದು. ಎರಡೂ ತಪ್ಪಿದ್ದರೆ ಅಲಗು ಎಲ್ಲೋ ತಡೆದು ನಿಂತಿದೆ: ಅಲಗನ್ನು ಎರಡು ಬದಿಯಿಂದ ಹಿಡಿದಿರುವ ಕೆನ್ನೆ ಹಲಗೆಗಳ ನಡುವೆ ಮರಳು, ಚಿಪ್ಪು, ಅಥವಾ ತಡೆಗಟ್ಟೆಯ ಸ್ಥಾನವೇ ತಪ್ಪು.

ಇಲ್ಲಿ ಒಂದು ಎಚ್ಚರ. ಅಲಗು ನೆಲಕ್ಕೆ ಲಂಬವಾಗಿದೆಯೇ ಎಂದು ತೂಗುಗುಂಡು ಹಿಡಿದು ನೋಡಬೇಡಿ. ಹಿಂಬದಿ ಹಲಗೆ ಓರೆಯಾಗಿರುವ ದೋಣಿಯಲ್ಲಿ ಪಿಂಟಲ್ ಗೆರೆಯೂ ಓರೆ. ಅಲಗು ಹೊಂದಬೇಕಾದದ್ದು ಆ ಗೆರೆಗೆ.

ದುರಸ್ತಿಗೆ ಹಿಗ್ಗದ ಹಗ್ಗ ಬೇಕು: 4 ಮಿ.ಮೀ. ಡೈನೀಮಾ, ಅದು ಸಿಗದಿದ್ದರೆ 6 ಮಿ.ಮೀ. ಹೆಣೆದ ಪಾಲಿಯೆಸ್ಟರ್. ಹಗ್ಗ ಅಲಗನ್ನು ಹಿಡಿಯುವ ಜಾಗ ಬೋಲ್ಟಿನಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು, 8 ಸೆಂ.ಮೀ. ಇದ್ದದ್ದನ್ನು 12 ಮಾಡಿದರೆ ಹಗ್ಗದ ಎಳೆತ ಮೂರನೇ ಒಂದು ಭಾಗ ಇಳಿಯುತ್ತದೆ. ಅಲಗು ಇಳಿದು ನಿಲ್ಲುವ ಜಾಗದಲ್ಲಿ ಗಟ್ಟಿ ಮರದ ತಡೆಗಟ್ಟೆ ಕೂರಿಸಿ, ಹಗ್ಗ ಅಲಗನ್ನು ಅದಕ್ಕೆ ಒತ್ತಿ ಹಿಡಿಯುವಂತಿರಲಿ. ಟಿಲ್ಲರ್ ಮೇಲೆ ಹಗ್ಗ ಕ್ಲೀಟಿಗೆ (ಹಗ್ಗ ಸಿಕ್ಕಿಸುವ ಹಿಡಿಕೆ) ಬರುವಲ್ಲಿ ಬಣ್ಣದ ದಾರ ಸುತ್ತಿ ಗುರುತು ಮಾಡಿ. ಗುರುತು ಕ್ಲೀಟಿನಿಂದ ಸರಿದಿದ್ದರೆ ಅಲಗು ಇಳಿದಿಲ್ಲ ಎಂದು ಕೂತಲ್ಲೇ ತಿಳಿಯುತ್ತದೆ.

ಹಾಗೆ ಬಿಗಿದು ಕಟ್ಟಿದ ಅಲಗು ಮರಳು ದಿಬ್ಬಕ್ಕೆ ಬಡಿದರೆ? ಬಿಗಿತ ಮೀರಿದಾಗ ತಾನಾಗಿ ಬಿಚ್ಚಿಕೊಳ್ಳುವ ಕ್ಲೀಟುಗಳು ಸಿಗುತ್ತವೆ, ಅವೇ ಸರಿಯಾದ ದಾರಿ. ಸಿಗದಿದ್ದರೆ ಹಗ್ಗದ ನಡುವೆ ತೆಳುವಾದ ಹತ್ತಿ ದಾರದ ಒಂದು ಕುಣಿಕೆ ಸೇರಿಸಿ. ಬಡಿತಕ್ಕೆ ಅದು ಹರಿಯುತ್ತದೆ, ಪಿಂಟಲ್ ಉಳಿಯುತ್ತದೆ. ಅಳಿವೆಯ ಹತ್ತಿರ ಬಂದಾಗ ಹಗ್ಗವನ್ನು ಕ್ಲೀಟಿನಿಂದ ಬಿಡಿಸಿ ಕೈಯಲ್ಲಿ ಹಿಡಿದು ಮೆಲ್ಲಗೆ ಸಾಗುವುದು ಇನ್ನೂ ಒಳ್ಳೆಯದು.

ಮರದ ಅಲಗು ತೇಲುತ್ತದೆ ಎಂಬುದನ್ನೂ ಮರೆಯಬಾರದು. ತುದಿಯಿಂದ 10 ಸೆಂ.ಮೀ. ಮೇಲೆ ಒಂದು ಕಿಲೋದಷ್ಟು ಸೀಸ ಸೇರಿಸಿದರೆ ಅದು ತಾನಾಗಿ ಕೆಳಗಿಳಿಯುತ್ತದೆ. ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತೂತಿನಲ್ಲಿ ತುಂಬಿ ಎಪಾಕ್ಸಿ ಅಂಟು ಸುರಿದರೆ ಸಾಕು. ಸೀಸ ಕರಗಿಸುವ ಅಪಾಯಕ್ಕೆ ಹೋಗುವುದು ಬೇಡ.

ಇಷ್ಟಾದ ಮೇಲೂ ಟಿಲ್ಲರ್ ಇನ್ನೂ ಹಗುರ ಬೇಕೆನಿಸಿದರೆ ಬೋಲ್ಟಿನ ತೂತಿನ ಜಾಗ ಬದಲಿಸಿ ಇಡೀ ಅಲಗನ್ನು ಮುಂದೆ ತರಬಹುದು. ಮುಂಬದಿ ಅಂಚು ಪಿಂಟಲ್ ಗೆರೆಗಿಂತ 4 ಸೆಂ.ಮೀ. ಮುಂದೆ ಬಂದರೆ ಅಲಗಿನ 16 ಶೇಕಡ ಭಾಗ ಗೆರೆಯ ಮುಂದಿರುತ್ತದೆ, ಟಿಲ್ಲರ್‌ನ ಭಾರ ಅರ್ಧ ಕಿಲೋಗೆ ಇಳಿಯುತ್ತದೆ. 5 ಸೆಂ.ಮೀ. ದಾಟಬೇಡಿ. ಅದಕ್ಕಿಂತ ಮುಂದೆ ಹೋದರೆ ಟಿಲ್ಲರ್ ಕೈಬಿಟ್ಟ ಕೂಡಲೇ ತಾನಾಗಿ ಒಂದು ಬದಿಗೆ ಎಳೆದುಕೊಂಡು ಹೋಗುತ್ತದೆ, ಇದು ಭಾರಕ್ಕಿಂತ ಕೆಟ್ಟದ್ದು. ಅರ್ಧ ಕಿಲೋ ಕೂಡ ಇಲ್ಲದ ಟಿಲ್ಲರ್‌ನಿಂದ ದೋಣಿಯ ಸುದ್ದಿಯೇ ಕೈಗೆ ಬರುವುದಿಲ್ಲ. ಒಂದು ಕಿಲೋ ಆಸುಪಾಸು ಇರಿಸಿಕೊಳ್ಳುವುದು ಜಾಣತನ.

ಕೋನವೇ ಹೆಚ್ಚು: ಚುಕ್ಕಾಣಿಯನ್ನು ಬಿಟ್ಟು ಬೇರೆಡೆ ನೋಡಿ

ಟಿಲ್ಲರ್ 10 ಡಿಗ್ರಿಗಿಂತ ಹೆಚ್ಚು ಗಾಳಿ ಬರುವ ಬದಿಗೆ ಎಳೆದರೆ ಮಾತ್ರ ದೋಣಿ ನೇರ ಹೋಗುತ್ತದೆ ಎಂದಾದರೆ, ದೋಣಿ ಗಾಳಿಗೆ ಮೂತಿ ತಿರುಗಿಸಲು ಹಟ ಮಾಡುತ್ತಿದೆ. ಚುಕ್ಕಾಣಿ ಅಲ್ಲಿ ಬ್ರೇಕಿನಂತೆ ನೀರನ್ನು ಎಳೆಯುತ್ತಾ ಆ ಹಟವನ್ನು ತಡೆಯುತ್ತಿದೆ, ಅಷ್ಟೇ. ದೊಡ್ಡ ಅಲಗು ಹಾಕಿದರೆ ಕೋನ ಇಳಿಯಬಹುದು, ಹಟ ಇಳಿಯದು.

ಮೊದಲು ವಾಲಿಕೆ. ದೊಡ್ಡ ಹಾಯಿಯ ಹಗ್ಗ ಸಡಿಲಿಸಿ ದೋಣಿಯನ್ನು ನೆಟ್ಟಗೆ ಮಾಡಿ. ಕೋನ ಅರ್ಧಕ್ಕಿಳಿದರೆ ಉತ್ತರ ಸಿಕ್ಕಿತು: ಆ ಗಾಳಿಗೆ ಹಾಯಿ ಹೆಚ್ಚಾಗಿದೆ. ನೆಟ್ಟಗಿದ್ದಾಗಲೂ ಕೋನ ಇದ್ದರೆ ಜಿಬ್, ಅಂದರೆ ಮುಂದಿನ ಚಿಕ್ಕ ಹಾಯಿ, ಸಡಿಲವೇ ನೋಡಿ. ಸೆಂಟರ್‌ಬೋರ್ಡನ್ನು ಕೈಯಗಲ ಮೇಲೆತ್ತಿ. ಅದರ ತುದಿ ಹಿಂದೆ ಸರಿದಾಗ ಪಕ್ಕದ ಹಿಡಿತದ ಕೇಂದ್ರವೂ ಹಿಂದೆ ಸರಿದು ಮೂತಿಯ ಹಟ ಕಡಿಮೆಯಾಗುತ್ತದೆ. ಮುಂದೆ ಕೂತವರನ್ನು ಒಂದು ಅಡಿ ಹಿಂದೆ ಕರೆಯಿರಿ. ಕೊನೆಗೆ ಹಾಯಿ ಕಟ್ಟುವ ಕೂವೆಮರದ ಓರೆ: ತುದಿಯನ್ನು ಸ್ವಲ್ಪ ಸ್ವಲ್ಪವೇ ಮುಂದೆ ತನ್ನಿ, ಪ್ರತಿ ಸಲವೂ ಟೇಪಿನ ಗುರುತು ಓದಿ. ಹೊಟ್ಟೆ ಬಿಟ್ಟ ಹಳೆಯ ಹಾಯಿಯಿದ್ದರೆ ಇದೆಲ್ಲ ಅರೆಬರೆ ಪರಿಹಾರ.

ದೋಣಿ ಮಾತು ಕೇಳುವುದನ್ನೇ ನಿಲ್ಲಿಸಿದಾಗ

ಇಲ್ಲಿ ಎರಡು ಬಗೆ, ಶಬ್ದದಿಂದ ಬೇರೆ ಮಾಡಬಹುದು. ಹಿಂದೆ ಬುಸ್ ಎಂಬ ಸದ್ದು, ಅಲಗಿನ ಹಿಂದೆ ಬಿಳಿ ನೊರೆಯ ಬಾಲ ಕಂಡರೆ ಅಲಗು ಮೇಲಿನಿಂದ ಗಾಳಿ ಎಳೆದುಕೊಂಡಿದೆ. ಸದ್ದಿಲ್ಲದೆ ಟಿಲ್ಲರ್ ಸಪ್ಪೆಯಾದರೆ ಕೋನ ಮಿತಿ ಮೀರಿ ಅಲಗಿನ ಒಂದು ಮೈಯಿಂದ ನೀರಿನ ಹರಿವು ಬಿಟ್ಟುಹೋಗಿದೆ.

ಎರಡಕ್ಕೂ ತಕ್ಷಣದ ಮದ್ದು ಒಂದೇ, ಮತ್ತು ಅದು ಕೈ ಬಯಸುವುದಕ್ಕೆ ವಿರುದ್ಧ: ಟಿಲ್ಲರನ್ನು ಇನ್ನೂ ಎಳೆಯದೆ ನಡುವಿಗೆ ತನ್ನಿ, ದೊಡ್ಡ ಹಾಯಿ ಬಿಡಿ, ದೋಣಿ ನೆಟ್ಟಗಾಗಲಿ, ಆಮೇಲೆ ಮೆಲ್ಲಗೆ ತಿರುಗಿಸಿ. 20 ಡಿಗ್ರಿ ದಾಟಿಸಿ ಹಿಡಿದಷ್ಟು ಹೊತ್ತೂ ಅಲಗು ಬರೀ ತಡೆಹಲಗೆ.

ಕಾಯಂ ಪರಿಹಾರ ಅಲಗಿನ ಆಕಾರದಲ್ಲಿದೆ. ಅಂಚುಗಳನ್ನು ಸುಮ್ಮನೆ ಉಜ್ಜಿ ದುಂಡಗೆ ಮಾಡಿದ ಚಪ್ಪಟೆ ಹಲಗೆಗೆ ನೀರಿನ ಹಿಡಿತ ಬೇಗ ತಪ್ಪುತ್ತದೆ. ನಾಕಾ 0012 ಎಂಬ ಹಳೆಯ ವಿಮಾನ ರೆಕ್ಕೆಯ ಆಕಾರ ಚಿಕ್ಕ ದೋಣಿಗೆ ಚೆನ್ನಾಗಿ ಒಗ್ಗುತ್ತದೆ. ಅಗಲದ ನೂರಕ್ಕೆ 12ರಷ್ಟು ದಪ್ಪ, ಅತಿ ದಪ್ಪ ಜಾಗ ಮುಂಬದಿಯಿಂದ ನೂರಕ್ಕೆ 30ರಲ್ಲಿ. 25 ಸೆಂ.ಮೀ. ಅಗಲದ ಅಲಗಿಗೆ ಒಟ್ಟು ದಪ್ಪ ಹೀಗೆ ಬರುತ್ತದೆ: ಮುಂಬದಿ ಅಂಚಿನಿಂದ 12.5 ಮಿ.ಮೀ. ದೂರದಲ್ಲಿ 17.8 ಮಿ.ಮೀ., 25ರಲ್ಲಿ 23.4, 75ರಲ್ಲಿ 30, 125ರಲ್ಲಿ 26.5, 175ರಲ್ಲಿ 18.3, 225ರಲ್ಲಿ 7.2. ಇದರ ಅರ್ಧ ದಪ್ಪಕ್ಕೆ ಗಟ್ಟಿ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಎರಡೂ ಮೈಗೆ ಅದೇ ಅಚ್ಚು ಹಿಡಿದು ಬೆಳಕಿಗೆ ನೋಡುತ್ತಾ ಉಜ್ಜಿ. 18 ಮಿ.ಮೀ. ಪ್ಲೈಯೇ ಗತಿಯೆಂದಾದರೆ ಮುಂಬದಿಯನ್ನು ಮೊಟ್ಟೆಯ ತುದಿಯಂತೆ ಮಾಡಿ. ಚೂಪು ಮಾಡಿದರೆ ಹಿಡಿತ ಇನ್ನೂ ಬೇಗ ತಪ್ಪುತ್ತದೆ.

ಗಾಳಿ ಎಳೆದುಕೊಳ್ಳುವ ದೋಷಕ್ಕೆ ನೀರಿನ ಮಟ್ಟಕ್ಕಿಂತ ಒಂದೆರಡು ಇಂಚು ಕೆಳಗೆ ಅಲಗಿನ ಎರಡೂ ಬದಿಗೆ 4 ಸೆಂ.ಮೀ. ಅಗಲದ ಅಡ್ಡ ಪಟ್ಟಿ ಕೂರಿಸಬಹುದು. ಅಲಗು ಮಡಚಿದಾಗ ಅದು ಕೆನ್ನೆಗೆ ತಾಗದಂತೆ ಅಳತೆ ಮೊದಲೇ ನೋಡಿಕೊಳ್ಳಿ.

ಒಂದೇ ಪಕ್ಕಕ್ಕೆ ಎಳೆತ

ಎರಡು ನೇರವಾದ ಪಟ್ಟಿಗಳನ್ನು ಅಲಗಿನ ಅಗಲಕ್ಕೆ ಅಡ್ಡಲಾಗಿ, ಒಂದನ್ನು ಮೇಲ್ಭಾಗದಲ್ಲಿ, ಇನ್ನೊಂದನ್ನು ತುದಿಯಲ್ಲಿ ಕಟ್ಟಿ. ತುದಿಯಿಂದ ಕಣ್ಣಿಟ್ಟು ನೋಡಿದಾಗ ಎರಡೂ ಪಟ್ಟಿ ಒಂದೇ ಗೆರೆಯಲ್ಲಿ ಕಾಣಬೇಕು. ಓರೆ ಕಂಡರೆ ಅಲಗು ತಿರುಚಿದೆ. ಬಹುಪಾಲು ಇದು ಅಂಗಳದ ಬಿಸಿಲಿನ ಕೆಲಸ: ಮನೆಯ ವಾತಾವರಣದಲ್ಲಿ ಗಟ್ಟಿಯಾದ ಎಪಾಕ್ಸಿ 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಮೆದುವಾಗತೊಡಗುತ್ತದೆ, ಕಪ್ಪು ಹೊದಿಕೆಯಡಿ ಏಪ್ರಿಲ್ ಬಿಸಿಲಿಗೆ ಅಷ್ಟು ಕಾವು ಬರುವುದು ಕಷ್ಟವಲ್ಲ. ಮೂಲೆಯಲ್ಲಿ ಓರೆಯಾಗಿ ಒರಗಿಸಿಟ್ಟ ಅಲಗು ಹಾಗೇ ಬಾಗಿ ನಿಲ್ಲುತ್ತದೆ. ನೆರಳಿನಲ್ಲಿ ತೂಗುಹಾಕಿ ಅಥವಾ ಮೂರು ಕಡೆ ಆಧಾರ ಕೊಟ್ಟು ಮಲಗಿಸಿ. ತಿರುಚು ಇಲ್ಲದಿದ್ದರೆ ಅಚ್ಚು ಹಿಡಿದು ಎರಡು ಮೈಗಳನ್ನು ಹೋಲಿಸಿ.

ಸಡಿಲ, ಕಟಕಟ, ಗುಂಯ್

ಟ್ರೇಲರ್ ಮೇಲೆ ಒಬ್ಬರು ಅಲಗಿನ ತುದಿ ಹಿಡಿದು ಅಲುಗಿಸಲಿ, ಇನ್ನೊಬ್ಬರು ಒಂದೊಂದೇ ಸಂದಿಗೆ ಬೆರಳಿಟ್ಟು ನೋಡಲಿ: ಟಿಲ್ಲರ್ ಕೂರುವ ಜಾಗ, ಮಡಚುವ ಬೋಲ್ಟ್, ಕೆನ್ನೆ, ಪಿಂಟಲ್ ಮತ್ತು ಅದು ಕೂರುವ ಗಜನ್ ಬಳೆ, ಬಳೆ ಹಲಗೆಗೆ ಕೂರುವ ಜಾಗ, ಕಡೆಗೆ ಹಲಗೆಯೇ. ಕಣ್ಣು ಹಿಡಿಯದ ಅಲುಗಾಟವನ್ನು ಬೆರಳು ಹಿಡಿಯುತ್ತದೆ. 15 ಸೆಂ.ಮೀ. ಆಳಕ್ಕೆ ಕೆನ್ನೆಗಳ ನಡುವೆ ಕುಳಿತ ಅಲಗಿಗೆ ಅಲ್ಲಿ 1 ಮಿ.ಮೀ. ಸಡಿಲವಿದ್ದರೆ 75 ಸೆಂ.ಮೀ. ಕೆಳಗಿನ ತುದಿ 5 ಮಿ.ಮೀ. ಆಡುತ್ತದೆ.

ಕೆನ್ನೆಯ ಸಡಿಲಕ್ಕೆ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ಕಿನಿಂದ ಅಂಗೈಯಗಲದ ಬಿಲ್ಲೆ ಕತ್ತರಿಸಿ ಎರಡೂ ಬದಿಗೆ ಇಡಿ. ಅಲಗು ಕೈಯಲ್ಲಿ ಜಾರಬೇಕು, ಪಕ್ಕಕ್ಕೆ ಆಡಬಾರದು. ಗಜನ್ ಬಳೆಯ ಒಳಪೊರೆಗೆ ನೈಲಾನ್ ಹಾಕಬೇಡಿ, ಅದು ನೀರು ಕುಡಿದು ಉಬ್ಬಿ ಮೊಳೆಯನ್ನು ಬಿಗಿಯುತ್ತದೆ. ಡೆಲ್ರಿನ್ ಎಂಬ ಪ್ಲಾಸ್ಟಿಕ್ ಅಷ್ಟು ಉಬ್ಬುವುದಿಲ್ಲ. ಎರಡು ಬಳೆಗಳು ಒಂದೇ ಗೆರೆಯಲ್ಲಿವೆಯೇ ಎಂದು ಮೊಳೆಯಷ್ಟೇ ದಪ್ಪದ ಒಂದು ನೇರ ಸರಳನ್ನು ಎರಡರಲ್ಲೂ ತೂರಿಸಿ ಪರೀಕ್ಷಿಸಿ. ಸರಳು ಸಿಕ್ಕಿಕೊಂಡರೆ ಟಿಲ್ಲರ್ ಬಿಗಿಯಲು ಅದೇ ಕಾರಣ. ಕೆಳಗಿನ ಮೊಳೆ ಮೇಲಿನದಕ್ಕಿಂತ ಒಂದು ಸೆಂ.ಮೀ. ಉದ್ದವಿದ್ದರೆ ಅಲುಗುವ ದೋಣಿಯಲ್ಲಿ ಚುಕ್ಕಾಣಿ ಕೂರಿಸುವುದು ಸಲೀಸು.

ವೇಗ ಏರಿದಾಗ ಅಲಗು ಗುಂಯ್ ಎಂದು ನಡುಗಿದರೆ ಹಿಂಬದಿ ಅಂಚನ್ನು ನೋಡಿ. ಅದು ದುಂಡಗಿದ್ದರೆ ನೀರಿನ ಸುಳಿಗಳು ಎಡಬಲವಾಗಿ ಕಳಚುತ್ತಾ ಅಲಗನ್ನು ಅಲ್ಲಾಡಿಸುತ್ತವೆ. ಅಂಚನ್ನು 2 ಮಿ.ಮೀ.ಗೆ ತೆಳ್ಳಗೆ ಮಾಡಿ, ಒಂದು ಬದಿಯಿಂದ ಮಾತ್ರ ಓರೆಯಾಗಿ ಉಜ್ಜಿ, ಮೂಲೆ ಚೂಪಾಗಿರಲಿ. ಅದಕ್ಕೂ ಮೊದಲು ಅಂಟಿದ ಚಿಪ್ಪುಗಳನ್ನು ಕೆರೆದು ತೆಗೆಯಿರಿ. ಮಳೆಗಾಲದಲ್ಲಿ ಸಿಹಿಯಾಗುವ ಹೊಳೆ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ, ಆಗ ಚಿಪ್ಪು ಹಿಡಿಯುವುದು ಜೋರು.

ಅಲಗು ಕೆನ್ನೆಯಲ್ಲಿ ಸಿಕ್ಕಿಕೊಂಡರೆ

ಮರಳು ಕಾರಣವಾದರೆ ಸಿಹಿನೀರು ಹೊಡೆದರೆ ಹೋಗುತ್ತದೆ. ಹೋಗದಿದ್ದರೆ ಅಲಗು ಉಬ್ಬಿದೆ, ಅಂದರೆ ಮರದೊಳಗೆ ನೀರು ಇಳಿದಿದೆ. ನಾಣ್ಯದಿಂದ ಮೈಯೆಲ್ಲ ತಟ್ಟಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ನೀರು ಕುಡಿದ ಜಾಗ ಮಂಕಾಗಿ ಕೇಳುತ್ತದೆ. ನೀರು ಒಳಹೋಗುವುದು ಬೋಲ್ಟಿನ ತೂತಿನಿಂದ ಮತ್ತು ಮುರಕಲ್ಲಿಗೆ ಉಜ್ಜಿ ಸವೆದ ತುದಿಯಿಂದ.

ಮರ ಒಣಗಲು ವಾರಗಟ್ಟಲೆ ಬೇಕು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಈ ನೆಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದಿಲ್ಲ, ಎಪಾಕ್ಸಿಯೂ ತೇವಕ್ಕೆ ಮೇಲೆ ಮೇಣದಂಥ ಪದರ ಬಿಡುತ್ತದೆ. ಈ ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಪದರ ಬಂದಿದ್ದರೆ ಉಜ್ಜುವ ಮೊದಲು ಬರೀ ನೀರಿನಲ್ಲಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಅದು ಒಳಕ್ಕೇ ಇಳಿದು ಮುಂದಿನ ಪದರ ಹಿಡಿಯುವುದಿಲ್ಲ.

ಬೋಲ್ಟಿನ ತೂತಿಗೆ ಒಂದೇ ಸರಿಯಾದ ವಿಧಾನ: 10 ಮಿ.ಮೀ. ಬೋಲ್ಟಿಗೆ 16 ಮಿ.ಮೀ. ತೂತು ಕೊರೆದು ಪೂರ್ತಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 10 ಮಿ.ಮೀ. ಕೊರೆಯುವುದು. ಆಗ ಬೋಲ್ಟಿಗೂ ಮರಕ್ಕೂ ಸಂಬಂಧವೇ ಇರುವುದಿಲ್ಲ. ಹೊಸ ಅಲಗಿಗೆ ಐಎಸ್ 710 ಗುರುತಿನ ಮರೈನ್ ಪ್ಲೈ ಕೇಳಿ; ಆ ಗುಣಮಟ್ಟದ ಅಂಟು 72 ಗಂಟೆ ಕುದಿನೀರು ತಡೆಯಬೇಕು. ಗುರುತಿನ ಮೇಲೆ ನಂಬಿಕೆ ಸಾಲದಿದ್ದರೆ ಕತ್ತರಿಸಿ ಉಳಿದ ತುಂಡನ್ನು ಎಂಟು ಗಂಟೆ ಕುದಿಸಿ ನೋಡಿ. ಪದರ ಬಿಟ್ಟರೆ ಅದು ಕಪಾಟಿಗೆ ಸರಿ. ನಮ್ಮ ಕಡೆ ದೋಣಿಗೆ ಬಳಸುವ ಹೆಬ್ಬಲಸಿನ ಪಟ್ಟಿಗಳನ್ನು 4-5 ಸೆಂ.ಮೀ. ಅಗಲಕ್ಕೆ ಸೀಳಿ, ಒಂದು ಬಿಟ್ಟೊಂದನ್ನು ತಿರುಗಿಸಿ ಅಂಟಿಸಿದ ಅಲಗು ಪ್ಲೈಗಿಂತ ಗಟ್ಟಿ, ಏಕೆಂದರೆ ಎಳೆಯೆಲ್ಲ ಉದ್ದಕ್ಕೇ ಇರುತ್ತದೆ.

ಲೋಹ

ಸ್ಟೀಲ್ ಬೋಲ್ಟಿನ ತಲೆ ಮಿನುಗುತ್ತಿದೆ ಎಂದು ಸಮಾಧಾನಪಡಬೇಡಿ. ಒದ್ದೆ ಮರದೊಳಗೆ ಗಾಳಿ ಸಿಗದ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ನಡುವೆಯೇ ಸವೆಯುತ್ತದೆ. ಮಳೆಗಾಲಕ್ಕೆ ಮೊದಲು ಕೆಳಗಿನ ಗಜನ್‌ನ ಒಂದು ಬೋಲ್ಟ್ ಕಳಚಿ ಸೊಂಟ ನೋಡಿ. ಗುಳಿ ಕಂಡರೆ ಎಲ್ಲವನ್ನೂ ಬದಲಿಸಿ. 316 ದರ್ಜೆಯೇ ಬೇಕು, 304 ಉಪ್ಪುನೀರಿನಲ್ಲಿ ಬೇಗ ತುಕ್ಕುಚುಕ್ಕೆ ಹಿಡಿಯುತ್ತದೆ. ಅಯಸ್ಕಾಂತ ಹಿಡಿದು ಇವೆರಡನ್ನು ಬೇರೆ ಮಾಡಲಾಗದು. ಅಲ್ಯೂಮಿನಿಯಂ ಕೆನ್ನೆಗೆ ಸ್ಟೀಲ್ ಬೋಲ್ಟ್ ಹಾಕುವಲ್ಲಿ ನಡುವೆ ಪ್ಲಾಸ್ಟಿಕ್ ವಾಷರ್ ಮತ್ತು ಗ್ರೀಸ್ ಇರಲಿ. ಇಲ್ಲವಾದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಗಜನ್ ಬಳೆಗೆ ಮರದ ಸ್ಕ್ರೂ ಸಾಲದು. ಹಲಗೆಯ ಆಚೆ ಬರುವ 6 ಮಿ.ಮೀ. ಬೋಲ್ಟ್, ಒಳಬದಿಗೆ ಅಂಗೈಯಗಲದ ತಗಡು, ತಾನಾಗಿ ಸಡಿಲವಾಗದ ನೈಲಾಕ್ ನಟ್ ಬೇಕು. ಸಂದಿಗೆ ಪಾಲಿಯುರೆಥೇನ್ ಸೀಲಂಟ್ ಹಾಕಿ. ಹುಳಿ ವಾಸನೆಯ ಸ್ನಾನಗೃಹದ ಸಿಲಿಕೋನ್ ಲೋಹವನ್ನು ತಿನ್ನುತ್ತದೆ.

ಬಳೆ ಸವೆಯುವುದು ನೀರಿಗಿಂತ ಹೆಚ್ಚು ರಸ್ತೆಯ ಮೇಲೆ. ಚುಕ್ಕಾಣಿಯನ್ನು ದೋಣಿಗೇ ಬಿಟ್ಟು ಟಿಲ್ಲರ್ ಕಟ್ಟಿ ಹೆದ್ದಾರಿ 66ರಲ್ಲಿ ಹೊರಟರೆ ರಸ್ತೆಯ ಪ್ರತಿ ಉಬ್ಬಿಗೂ ಇಡೀ ಅಲಗಿನ ತೂಕ ಎರಡು ಮೊಳೆಗಳ ಮೇಲೆ ಕುಟ್ಟುತ್ತದೆ. ಕಳಚಿ, ಗೋಣಿ ಸುತ್ತಿ, ದೋಣಿಯೊಳಗೆ ಮಲಗಿಸಿ. ನೀರಿಗಿಳಿಸುವಾಗ ಮೇಲಿನ ಮೊಳೆಯ ತಡೆಪಿನ್ನು ಮರೆಯದೆ ಹಾಕಿ. ದೋಣಿ ಮಗುಚಿದಾಗ ಚುಕ್ಕಾಣಿ ತೇಲಿಹೋಗುವುದು ಆ ಪಿನ್ನು ಇಲ್ಲದ್ದರಿಂದಲೇ.

ನಡುನೀರಿನಲ್ಲಿ ಚುಕ್ಕಾಣಿ ಮುರಿದರೆ

ಕಲ್ಲುಮ್ಮಕಾಯಿ ಕೃಷಿಯ ಬಿದಿರುಗೂಟ, ಹಗ್ಗಗಳ ನಡುವೆ ಅಥವಾ ಅಳಿವೆಯ ತೆರೆಯಲ್ಲಿ ಇದು ಆಗುವುದುಂಟು. ಮೊದಲು ದೊಡ್ಡ ಹಾಯಿ ಪೂರ್ತಿ ಬಿಟ್ಟುಬಿಡಿ, ದೋಣಿ ನಿಲ್ಲಲಿ. ಅಳಿವೆಯ ಕಡೆಗೆ ಇಳಿತದ ಸೆಳೆತ ಇದ್ದರೆ ಬೇರೆ ಯೋಚನೆಗೆ ಮೊದಲು ಲಂಗರು ಹಾಕಿ.

ಆಮೇಲೆ ಸೆಂಟರ್‌ಬೋರ್ಡ್ ಅರ್ಧ ಎತ್ತಿ. ಜಿಬ್ ಬಿಗಿದು ದೊಡ್ಡ ಹಾಯಿ ಸಡಿಲಿಸಿದರೆ ಮೂತಿ ಗಾಳಿಯಿಂದ ದೂರ ಹೋಗುತ್ತದೆ, ದೊಡ್ಡ ಹಾಯಿ ಬಿಗಿದು ಜಿಬ್ ಸಡಿಲಿಸಿದರೆ ಗಾಳಿಯ ಕಡೆ ಬರುತ್ತದೆ. ದೋಣಿಯನ್ನು ಗಾಳಿ ಬರುವ ಬದಿಗೆ ವಾಲಿಸಿದರೆ ಮೂತಿ ದೂರ, ಆಚೆ ಬದಿಗೆ ವಾಲಿಸಿದರೆ ಹತ್ತಿರ. ಹಿಂಬದಿ ಹಲಗೆಯ ಮೇಲೆ ಹುಟ್ಟು ಕೂರುವಷ್ಟು ಒಂದು ಕಚ್ಚು, ಅದನ್ನು ಕಟ್ಟಲು ಎರಡು ಅಡಿ ಹಗ್ಗ ಮೊದಲೇ ಇದ್ದರೆ ಹುಟ್ಟನ್ನೇ ಚುಕ್ಕಾಣಿ ಮಾಡಿ ದಡ ಸೇರಬಹುದು. ಹುಟ್ಟಿನ ಉದ್ದ ಕಡಿಮೆಯೆಂದರೆ 2 ಮೀಟರ್ ಇರಲಿ, ಅದಕ್ಕಿಂತ ಗಿಡ್ಡವಾದದ್ದು ಕಚ್ಚಿನ ಮೇಲಿಂದ ನೀರಿಗೆ ಸಾಕಷ್ಟು ಆಳ ಇಳಿಯುವುದಿಲ್ಲ. ಪೆಟ್ಟಿಗೆಯಲ್ಲಿ ಒಂದು ಪಿಂಟಲ್ ಮೊಳೆ, ಮಡಚುವ ಬೋಲ್ಟ್, ನಾಲ್ಕು ನೈಲಾಕ್ ನಟ್, ಎರಡು ತಡೆಪಿನ್ನು ಮತ್ತು ಮೂರು ಮೀಟರ್ ಡೈನೀಮಾ ಇರಲಿ. ತಡೆಪಿನ್ನನ್ನು ದಾರದಿಂದ ಚುಕ್ಕಾಣಿಗೇ ಕಟ್ಟಿರಿ.